ಆನಂದದಿಂದ ರಾಕ್ಷಸಕ್ಕೆ

ನಮ್ಮ ಊರಿಗೆ ಹೆಸರಿಲ್ಲ. ಊರು ಕಟ್ಟಿಸಿದ ಇಂಜಿನಿಯರ್ ಭುಜಂಗರಾಯರು ನಕ್ಷೆಯ ಮೂಲೆಯಲ್ಲಿ ಹೆಸರಿಗೆಂದು ಒಂದು ಚೌಕ ಬಿಟ್ಟಿದ್ದರು. ಯೋಚನೆ ಮಾಡಿ ಬರೆಯೋಣ ಎಂದುಕೊಂಡಿದ್ದರಂತೆ. ಯೋಚನೆ ಮುಗಿಯುವ ಮೊದಲೇ ಅವರು ಮುಗಿದರು, ಚೌಕ ಇವತ್ತಿಗೂ ಖಾಲಿಯಿದೆ. ಹೆಸರಿಲ್ಲವೆಂದು ನಾವು ಬೇಜಾರು ಮಾಡಿಕೊಂಡವರಲ್ಲ. ನಮ್ಮಲ್ಲಿ ಹೆಸರು ಮನೆಗಳಿಗಿದೆ.

ಊರೆಂದರೆ ಇಷ್ಟೇ: ಒಂದು ದುಂಡನೆಯ ಬೀದಿ, ನಡುವೆ ಒಂದು ತೋಟ, ತೋಟದಲ್ಲಿ ಒಂದು ಗಂಟೆ, ಬೀದಿಯ ಸುತ್ತ ಅರವತ್ತು ಮನೆ. ಅರವತ್ತಕ್ಕೂ ಅರವತ್ತು ಸಂವತ್ಸರಗಳ ಹೆಸರು, ಪ್ರಭವದಿಂದ ಶುರುವಾಗಿ ಅಕ್ಷಯದವರೆಗೆ. ಎಲ್ಲವನ್ನೂ ಒಂದೇ ನಕ್ಷೆಯ ಪ್ರಕಾರ ಕಟ್ಟಿದ್ದು. ಮುಂದೆ ಐದು ಮೆಟ್ಟಿಲು, ಜಗಲಿ, ಹಜಾರ, ಒಂದು ಕೋಣೆ, ಅಡುಗೆಮನೆ, ಹಿಂದೆ ಬಚ್ಚಲು. ಪ್ರತಿ ಯುಗಾದಿಗೆ ಊರಿನ ಅರವತ್ತು ಸಂಸಾರಗಳೂ ತಾವಿದ್ದ ಮನೆ ಬಿಟ್ಟು ಮುಂದಿನ ಮನೆಗೆ ಹೋಗುತ್ತವೆ. ಬೆಳಿಗ್ಗೆ ಹಳೆ ಮನೆಯಲ್ಲಿ ಬೇವುಬೆಲ್ಲ ತಿಂದು, ಸಾಮಾನು ಬೀದಿಗೆ ಇಳಿಸಿ, ಗಂಟೆ ಹೊಡೆದ ಕೂಡಲೇ ಒಟ್ಟಿಗೆ ಹೊಸ ಮನೆ ಹೊಕ್ಕು, ಮಧ್ಯಾಹ್ನದ ಹೋಳಿಗೆಯನ್ನು ಅಲ್ಲಿ ತಟ್ಟಬೇಕು. ಬೇರೆ ಊರುಗಳಲ್ಲಿ ಮನೆ ಇದ್ದಲ್ಲೇ ಇದ್ದು ಅಕ್ಕಪಕ್ಕದವರು ಬದಲಾಗುತ್ತಾರಂತೆ. ನಮ್ಮಲ್ಲಿ ಅಕ್ಕಪಕ್ಕದವರು ಹಾಗೆಯೇ ಇರುತ್ತಾರೆ, ಗೋಡೆಗಳು ಬದಲಾಗುತ್ತವೆ.

ಇದಕ್ಕೆಲ್ಲ ಮೂಲ ಒಂದು ಕೋಣೆ. ಭುಜಂಗರಾಯರು ಪ್ರಾಯದಲ್ಲಿ ತಮ್ಮ ಅಣ್ಣನ ಮೇಲೆ ಈಶಾನ್ಯ ಮೂಲೆಯ ಕೋಣೆಯೊಂದಕ್ಕಾಗಿ ಹತ್ತೊಂಬತ್ತು ವರ್ಷ ಕೋರ್ಟಿಗೆ ಅಲೆದರು. ಕೋಣೆ ಇವರದೇ ಎಂದು ತೀರ್ಪು ಬಂದ ವಾರವೇ ಅದರ ಗೋಡೆ ಕುಸಿದು ಬಿತ್ತು. ಇಟ್ಟಿಗೆ ರಾಶಿಯ ಮೇಲೆ ಕೂತು ಅಣ್ಣತಮ್ಮ ಇಬ್ಬರೂ ಒಟ್ಟಿಗೆ ಕಾಫಿ ಕುಡಿದರಂತೆ. ಕಾಫಿ ಮುಗಿಸಿ ಎದ್ದ ರಾಯರು, ಇದು ನನ್ನ ಮನೆ ಎಂದು ಯಾರೂ ಎದೆ ತಟ್ಟಿಕೊಳ್ಳಲಾಗದ ಊರು ಕಟ್ಟಲು ಹೊರಟರು. ಅವರು ಸತ್ತದ್ದೂ ಯುಗಾದಿಯ ದಿನವೇ. ಕಾಯಿಲೆಯ ರಾಯರನ್ನು ಮಂಚದ ಸಮೇತ ಪ್ಲವದಿಂದ ಶುಭಕೃತ್‌ಗೆ ಸಾಗಿಸುತ್ತಿದ್ದಾಗ ಎರಡು ಮನೆಗಳ ನಡುವೆ ಪ್ರಾಣ ಹೋಯಿತು. ಯಾವ ಮನೆಗೆ ಸೂತಕ ಎಂದು ಊರಿನವರು ಅರ್ಧ ದಿನ ವಾದ ಮಾಡಿದರು. ಆದರೂ ಅವತ್ತು ಎಲ್ಲರೂ ಮನೆ ಬದಲಿಸಿಯೇ ಊಟ ಮಾಡಿದರು.

ಹೀಗೆ ಬದುಕುವುದು ಕಷ್ಟವಲ್ಲವೇ ಎಂದು ನೆಂಟರು ಕೇಳುತ್ತಾರೆ. ಕಷ್ಟವೇನು, ಅಭ್ಯಾಸ. ಮಗನಿಗೆ ಹೆಣ್ಣು ನೋಡುವವರು ಸಂಸಾರ ಮನ್ಮಥಕ್ಕೆ ಬರುವ ವರ್ಷವನ್ನು ಲೆಕ್ಕ ಹಾಕಿ ಮುಹೂರ್ತ ಇಡುತ್ತಾರೆ. ಮರುವರ್ಷ ದುರ್ಮುಖಿಗೆ ಹೋಗಬೇಕಲ್ಲ ಎಂಬುದನ್ನು ಹುಡುಗಿಯ ಕಡೆಯವರಿಗೆ ಯಾರೂ ಹೇಳುವುದಿಲ್ಲ. ವಿರೋಧಿಯಲ್ಲಿ ಇದ್ದಷ್ಟು ದಿನ ಗಂಡಹೆಂಡಿರು ಎಷ್ಟು ಜಗಳವಾಡಿದರೂ ಅದು ಮನೆಯ ತಪ್ಪು. ಹಿತ್ತಲಲ್ಲಿ ನೆಟ್ಟ ಬಾಳೆಯ ಗೊನೆ ಯುಗಾದಿಯೊಳಗೆ ಬಲಿಯದಿದ್ದರೆ ಹಿಂದಿನಿಂದ ಬರುವ ಸಂಸಾರದ ಪಾಲು, ಆದ್ದರಿಂದ ಫಾಲ್ಗುಣ ಮಾಸದಲ್ಲಿ ನಮ್ಮ ಹೆಂಗಸರು ಬಾಳೆಗಿಡದ ಹತ್ತಿರ ನಿಂತು ಬೇಡಿಕೊಳ್ಳುವುದನ್ನು ನೋಡಬೇಕು.

ಇನ್ನೊಂದು ಪದ್ಧತಿ ಇದೆ, ದುರಸ್ತಿ ಚೀಟಿ. ಮನೆ ಬಿಡುವವರು ಅದರ ಕುಂದುಕೊರತೆಗಳನ್ನೆಲ್ಲ ಬರೆದು ಮುಂಬಾಗಿಲ ಹಿಂದೆ ಅಂಟಿಸಿ ಹೋಗಬೇಕು. ನಮ್ಮ ಮುಂದಿನ ಸಂಸಾರ ಪದ್ಮನಾಭಯ್ಯನವರದು. ಮೇಷ್ಟರಾಗಿ ನಿವೃತ್ತರಾದವರು, ಗೋಡೆಗೆ ಒಂದು ಮೊಳೆ ಹೊಡೆಯಲೂ ಮೂರು ದಿನ ಅಳತೆ ಹಿಡಿಯುವ ಜನ. ಮೂವತ್ತು ವರ್ಷದಿಂದ ಪ್ರತಿ ಯುಗಾದಿಗೂ ಅವರು ಬಿಟ್ಟ ಮನೆಗೇ ನಾನು ಹೋಗುವುದು, ಪ್ರತಿ ಸಲವೂ ಚೀಟಿಯಲ್ಲಿ ಒಂದೇ ಸಾಲು: "ಯಾವ ದೋಷವೂ ಇಲ್ಲ."

ನನ್ನ ಚೀಟಿಗಳು ಹಾಗಲ್ಲ. ನನ್ನ ಹೆಸರು ಪಶುಪತಿ. ಅಕ್ಷರ ದುಂಡಗಿದೆ ಎಂಬ ಒಂದೇ ಕಾರಣಕ್ಕೆ ಇಪ್ಪತ್ತೆರಡು ವರ್ಷದಿಂದ ಊರಿನ ಸಮಿತಿಗೆ ಕಾರ್ಯದರ್ಶಿಯಾಗಿದ್ದೇನೆ. ಪದ್ಮನಾಭಯ್ಯ ಬಂಗಾರದಂತೆ ಬಿಟ್ಟುಹೋದ ಮನೆಯನ್ನು ಹನ್ನೆರಡು ತಿಂಗಳಲ್ಲಿ ಹಾಳುಗೆಡವಿ, ಹಾಳಾದದ್ದನ್ನು ಸರಿಮಾಡಿಸುವ ಬದಲು ದುಂಡಕ್ಷರದಲ್ಲಿ ಎರಡು ಪುಟ ಚೀಟಿ ಬರೆದಿಟ್ಟು ಹೋಗುವುದು ನನ್ನ ಕ್ರಮ. ಅದನ್ನು ಅನುಭವಿಸಬೇಕಾದವರು ನಮ್ಮ ಹಿಂದಿನ ಸಂಸಾರ, ಅಂದರೆ ಪೋಸ್ಟ್‌ಮ್ಯಾನ್ ಮಾಸ್ತಯ್ಯ ಮತ್ತು ಅವರ ಹೆಂಡತಿ ಚಿಕ್ಕತಾಯಮ್ಮ. ಮೂವತ್ತು ವರ್ಷದಲ್ಲಿ ಮಾಸ್ತಯ್ಯ ಒಂದು ದಿನ ದೂರು ಹೇಳಿದವರಲ್ಲ. ಎದುರಿಗೆ ಸಿಕ್ಕರೆ, "ಈ ಸಲದ ಚೀಟಿ ಚೆನ್ನಾಗಿ ಬಂದಿದೆ ಸೆಕ್ರೆಟ್ರಿಗಳೇ," ಎಂದು ನಕ್ಕು ಹೋಗುತ್ತಿದ್ದರು. ವರ್ಷವರ್ಷ ವಿಳಾಸ ಬದಲಾಗುವ ಊರಿನಲ್ಲಿ ಮೂವತ್ತನಾಲ್ಕು ವರ್ಷ ಕಾಗದ ಹಂಚಿ ಒಂದನ್ನೂ ತಪ್ಪು ಮನೆಗೆ ಹಾಕದ ಮನುಷ್ಯ ಅವರು.

ಹೋದ ವರ್ಷ ನಾವು ಆನಂದ ಬಿಟ್ಟು ರಾಕ್ಷಸಕ್ಕೆ ಬಂದೆವು, ಅವರು ಆನಂದಕ್ಕೆ ಬಂದರು. ಆ ವರ್ಷವೇ ಮಾಸ್ತಯ್ಯನವರ ಕಣ್ಣು ಮಂಜಾಗುತ್ತ ಬಂತು. ದೀಪಾವಳಿಯ ಹೊತ್ತಿಗೆ ಬೆಳಕು ಕತ್ತಲೆ ಎಂಬಷ್ಟು ಮಾತ್ರ ತಿಳಿಯುತ್ತಿತ್ತು, ಸಂಕ್ರಾಂತಿಗೆ ಅದೂ ಹೋಯಿತು. ದೊಡ್ಡ ಆಸ್ಪತ್ರೆಯ ಡಾಕ್ಟರು ದೃಷ್ಟಿ ಇನ್ನು ಬರುವುದಿಲ್ಲ ಎಂದು ಹೇಳಿ ಕಳಿಸಿದರು.

ಶಿವರಾತ್ರಿ ಕಳೆದ ಎರಡನೇ ವಾರ ಚಿಕ್ಕತಾಯಮ್ಮ ಸಮಿತಿಯ ಮುಂದೆ ಬಂದು ನಿಂತರು. ಯಾವತ್ತೂ ಏನೂ ಕೇಳಿದ ಹೆಂಗಸಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, "ಈ ಯುಗಾದೀಗೆ ನಮ್ಮನ್ನ ಆನಂದದಲ್ಲೇ ಬಿಟ್ಬಿಡ್ರಪ್ಪ," ಎಂದರು. "ಆ ಮನೆ ಅವ್ರ ಕಾಲಿಗೆ ಸಿಕ್ಕಿದೆ. ಬೆಳಿಗ್ಗೆ ನನಗಿಂತ ಮೊದ್ಲು ಎದ್ದು ಅವ್ರೇ ಕಾಫಿ ಕಾಯಿಸ್ತಾರೆ. ಹೋದ ತಿಂಗ್ಳು ನನ್ ತಂಗಿ ಮನೇಲಿ ಮದ್ವೆ ಅಂತ ಹೋಗಿದ್ವಿ. ಅಲ್ಲಿ ಮೂರು ದಿನ ಒಂದೇ ಕುರ್ಚೀಲಿ ಕೂತಿದ್ರು ಕಣ್ರಪ್ಪ, ಏಳ್ಲೇ ಇಲ್ಲ. ಯಾರೋ ಕೈ ಹಿಡಿದ್ರೆ ಬಚ್ಚಲಿಗೆ, ಇಲ್ದಿದ್ರೆ ಇಲ್ಲ. ಹೊಸ ಮನೇಲಿ ಹಂಗೆ ಕೂತ್ಬಿಟ್ರೆ ಮತ್ತೆ ಅವ್ರನ್ನ ಎಬ್ಬಿಸೋಕೆ ನನ್ ಕೈಲಾಗಲ್ಲ."

ಸಮಿತಿಯ ಐದು ಜನವೂ ಲೆಕ್ಕ ಹಾಕಿ ನೋಡಿದೆವು. ಅವರೊಬ್ಬರು ನಿಂತರೆ ಹಿಂದಿನವರಿಗೆ ಮನೆಯಿಲ್ಲ, ಅವರ ಹಿಂದಿನವರಿಗೂ ಇಲ್ಲ, ಊರು ನಿಂತಹಾಗೆಯೇ. ಸಾಯುತ್ತಿದ್ದ ರಾಯರನ್ನೇ ಹೊತ್ತು ಸಾಗಿಸಿದ ಊರು ಇದು. ಆಗುವುದಿಲ್ಲ ಎಂದು ಬರೆದು ಕೊಡುವ ಕೆಲಸವನ್ನು, ದುಂಡಕ್ಷರದ ಕಾರಣ, ನನಗೇ ಅಂಟಿಸಿದರು.

ಮರುದಿನ ಆ ಕಾಗದವನ್ನು ಹಿಡಿದುಕೊಂಡು ಆನಂದಕ್ಕೆ ಹೋದೆ. ಬೀದಿಯಲ್ಲಿ ಮಾಸ್ತಯ್ಯನವರೇ ಸಿಕ್ಕರು, ತೋಟದಿಂದ ಬೇಲಿ ಹಿಡಿದುಕೊಂಡು ಬರುತ್ತಿದ್ದರು. "ಸೆಕ್ರೆಟ್ರಿಗಳ ಚಪ್ಲಿ ಸದ್ದು," ಎಂದರು. "ಬನ್ನಿ, ಮಜ್ಜಿಗೆ ಕುಡೀರಿ." ಬೇಲಿ ಬಿಟ್ಟರು, ಮೆಟ್ಟಿಲು ಹತ್ತಿದರು. ಮೂರನೇ ಮೆಟ್ಟಿಲಲ್ಲಿ ಎಡಗಾಲು ಒಂದು ಕ್ಷಣ ತಡೆಯಿತು, ಕಲ್ಲು ಮುರಿದ ಜಾಗವನ್ನು ಹೆಬ್ಬೆರಳಿನಿಂದ ಮುಟ್ಟಿ ಮುಂದೆ ಹೋಯಿತು. ಬಾಗಿಲನ್ನು ಭುಜ ಕೊಟ್ಟು ನೂಕಿದರು, ಅದು ಗೊರ್ ಎಂದು ನೆಲ ಕೆರೆದು ತೆರೆಯಿತು. ಆ ಸದ್ದು ಮುಗಿಯುವುದರೊಳಗೆ ಬಲಗೈ ಎತ್ತಿ ಹೆಗಲ ಟವೆಲನ್ನು ಗೋಡೆಯ ಮೊಳೆಗೆ ಹಾಕಿದರು. ಹಜಾರ ದಾಟುವಾಗ ಅಡುಗೆಮನೆಯ ಮುಂದಿನ ಸಡಿಲ ಚಪ್ಪಡಿ ಟಕ್ಕೆಂದಿತು. ಅಲ್ಲಿಂದ ಎಡಕ್ಕೆ ಎರಡು ಹೆಜ್ಜೆ ಇಟ್ಟು ಮಜ್ಜಿಗೆ ಚೆಂಬಿಗೆ ನೇರವಾಗಿ ಕೈ ಹಾಕಿದರು. ಒಂದು ಹನಿ ಚೆಲ್ಲಲಿಲ್ಲ.

ನಾನು ಲೋಟ ಹಿಡಿದು ಬಾಗಿಲ ಕಡೆ ತಿರುಗಿ ನೋಡಿದೆ. ಆ ಮೂರನೇ ಮೆಟ್ಟಿಲು ಮುರಿದದ್ದು ನಾನೇ, ಸಾಮಾನು ಸಾಗಿಸುವಾಗ ಒರಳುಕಲ್ಲು ಕೆಡವಿ. ಬಾಗಿಲು ಉಬ್ಬಿದ್ದು ಒಂದು ಮಳೆಗಾಲವಿಡೀ ನಾವು ಅದರ ಮೇಲೆ ಒದ್ದೆ ಬಟ್ಟೆ ಹರವಿದ್ದಕ್ಕೆ. ಮೊಳೆ ಯಾವುದೋ ಕ್ಯಾಲೆಂಡರಿಗೆ ಹೊಡೆದದ್ದು, ಚಪ್ಪಡಿ ಸಡಿಲವಾದದ್ದು ನನ್ನ ಹೆಂಡತಿ ಜಲಜಾಕ್ಷಿ ಅದರ ಮೇಲೆ ಮೆಣಸಿನಕಾಯಿ ಕುಟ್ಟಿದ್ದಕ್ಕೆ.

"ನಿಮ್ ಚೀಟಿ ಇವ್ಳು ಓದಿ ಹೇಳಿದ್ಲು," ಎಂದರು ಮಾಸ್ತಯ್ಯ. "ಕಣ್ಣು ಪೂರ್ತಿ ಹೋಗೋ ಮೊದ್ಲೇ ನೋಡಿಟ್ಕೊಂಡೆ. ಈಗ ಅದನ್ನೇ ಹಿಡ್ಕೊಂಡು ಓಡಾಡ್ತೀನಿ. ಎಲ್ಲ ನುಣ್ಣಗೆ ಸರಿಯಾಗಿದ್ದಿದ್ರೆ ಎಲ್ಲಿದೀನಿ ಅಂತ ನನಗೆ ಹೆಂಗೆ ತಿಳೀತಿತ್ತು ಹೇಳಿ."

ಕಾಗದವನ್ನು ಚಿಕ್ಕತಾಯಮ್ಮನ ಕೈಗಿಟ್ಟೆ. ಅವರು ಓದಿ ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡರು. "ನೀವೇನು ಮಾಡ್ತೀರಿ ಬಿಡಿ, ನಿಯಮ," ಎಂದರು. ಬೈದಿದ್ದರೆ ಹಗುರವಾಗುತ್ತಿತ್ತು. ಮನೆಗೆ ಬರುವ ಹೊತ್ತಿಗೆ ನನಗೆ ನನ್ನ ದುಂಡಕ್ಷರದ ಮೇಲೆ ಜನ್ಮದಲ್ಲೇ ಮೊದಲ ಸಲ ಅಸಹ್ಯ ಹುಟ್ಟಿತ್ತು.

ಜಲಜಾಕ್ಷಿ ಎಲ್ಲ ಕೇಳಿ, ಅಕ್ಕಿ ಆರಿಸುತ್ತಿದ್ದ ಮೊರವನ್ನು ಕೆಳಗಿಟ್ಟಳು. "ಅಲ್ಲ ರೀ, ಮೂವತ್ತು ವರ್ಷದಿಂದ ವರ್ಷಕ್ಕೊಂದು ಮನೇನ ಏನೂ ಕಷ್ಟ ಪಡದೆ ಕೆಡಿಸ್ತಾ ಬಂದಿದೀರಿ. ಈ ಒಂದನ್ನ ಸ್ವಲ್ಪ ಕಷ್ಟಪಟ್ಟು ಕೆಡಿಸೋಕಾಗಲ್ವಾ?"

ಕೆಲವು ಮಾತು ಕೇಳಿದ ಮೇಲೆ ಕೂತಿರಲಾಗುವುದಿಲ್ಲ. ಯುಗಾದಿಗೆ ಇನ್ನು ಹದಿನೆಂಟು ದಿನ ಇತ್ತು.

ಗಾರೆ ಕೆಲಸದವನನ್ನು ಕರೆಸಿದೆ. ಅವನು ರಾಕ್ಷಸದ ಮೆಟ್ಟಿಲನ್ನು ಸವರಿ ನೋಡಿ, "ಇಷ್ಟು ಚೆನ್ನಾಗಿರೋದನ್ನ ಒಡಿಯೋ ಕೆಲ್ಸ ನಾನು ಕಲ್ತಿಲ್ಲ ಸ್ವಾಮಿ," ಎಂದು ಉಳಿ ಸುತ್ತಿಗೆ ನನ್ನ ಕೈಯಲ್ಲಿಟ್ಟು ಹೋದ. ಕೆಡಿಸುವುದು ಇಷ್ಟು ಕಷ್ಟ ಎಂದು ನನಗೂ ಗೊತ್ತಿರಲಿಲ್ಲ. ಬಾಗಿಲ ಬಲಕ್ಕೆ ಟವೆಲಿನ ಮೊಳೆ ಹೊಡೆದದ್ದೊಂದೇ ಸುಲಭವಾದದ್ದು. ಬಾಗಿಲು ಉಬ್ಬಲಿ ಎಂದು ದಿನಾ ಬೆಳಿಗ್ಗೆ ಚೆಂಬು ಹಿಡಿದು ಅದಕ್ಕೆ ನೀರು ಹಾಕುತ್ತ ಕೂತೆ. ಚೈತ್ರ ಹತ್ತಿರ ಬಂದ ಆ ಬಿಸಿಲಿಗೆ ಹಾಕಿದ್ದು ಹಾಕಿದಂತೆ ಆರುತ್ತಿತ್ತು. ಹಾದುಹೋಗುವವರು, "ಏನು ಸೆಕ್ರೆಟ್ರಿಗಳೇ, ಬಾಗಿಲು ಚಿಗುರ್ತದಾ?" ಎಂದು ಕೇಳಿದರು. ಜಲಜಾಕ್ಷಿ ಅಡುಗೆಮನೆಯ ಮುಂದಿನ ಚಪ್ಪಡಿಯ ಮೇಲೆ ಮೂರು ದಿನ ಬಿಡದೆ ಮೆಣಸಿನಕಾಯಿ ಕುಟ್ಟಿದಳು, ಬೀದಿಗೆ ಬೀದಿಯೇ ಸೀನಿತು. ನಾನು ರಾಕ್ಷಸದಲ್ಲೂ ಹನ್ನೊಂದು ತಿಂಗಳು ಕೈಕಟ್ಟಿ ಕೂತಿರಲಿಲ್ಲ. ಕಿಟಕಿಯ ಚಿಲಕ ಕಿತ್ತು ಬಂದಿತ್ತು, ಬಚ್ಚಲ ಹೊಸ್ತಿಲು ಅಲ್ಲಾಡುತ್ತಿತ್ತು. ಅವು ಆನಂದದಲ್ಲಿ ಗಟ್ಟಿಯಾಗಿದ್ದವು, ಹಾಗಾಗಿ ಇಲ್ಲಿಯೂ ಗಟ್ಟಿ ಮಾಡಿಸಬೇಕಾಯಿತು. ಒಂದು ಕಡೆ ಕೆಡಿಸುತ್ತ, ಇನ್ನೊಂದು ಕಡೆ ಸರಿಮಾಡಿಸುತ್ತ, ನಾನೇನು ಮಾಡುತ್ತಿದ್ದೇನೆಂದು ನನಗೇ ಮರೆಯುತ್ತಿತ್ತು.

ಮೆಟ್ಟಿಲನ್ನು ಕೊನೆಗೆ ಉಳಿಸಿಕೊಂಡಿದ್ದೆ. ಹಬ್ಬಕ್ಕೆ ವಾರ ಇರುವಾಗ ಜಗಲಿಯಿಂದ ಕಾಲು ಇಳಿಬಿಟ್ಟು ಕೂತು, ಬೀದಿಗೆ ಮುಖ ಮಾಡಿ, ಮೂರನೇ ಮೆಟ್ಟಿಲಿನ ಎಡ ಅಂಚಿಗೆ ಉಳಿ ಇಟ್ಟು ಹೊಡೆಯತೊಡಗಿದೆ. ನಾಲ್ಕನೇ ಏಟಿಗೆ ಪಕ್ಕದ ಮನೆಯಾದ ನಳದಿಂದ ಪದ್ಮನಾಭಯ್ಯ ಓಡಿ ಬಂದರು.

"ರೀ ಪಶುಪತಿ! ಏನ್ರೀ ಮಾಡ್ತಿದೀರಿ? ಅದು ನಾನು ನಿಂತು ಗಾರೆ ಹಾಕಿಸಿ, ಹದಿನೈದು ದಿನ ನೀರುಣಿಸಿದ ಮೆಟ್ಟಿಲು ಕಣ್ರೀ! ಇಷ್ಟು ವರ್ಷ ನೀವು ಕೆಡಿಸಿದ್ದನ್ನೆಲ್ಲ ನೋಡಿ ಬಾಯಿ ಮುಚ್ಕೊಂಡಿದ್ದೆ. ಈಗ ಉಳಿ ಹಿಡ್ದು ಕೂತ್ಬಿಟ್ರಾ?"

ಕಾರಣ ಹೇಳಿದೆ. ಅವರು ಕನ್ನಡಕ ತೆಗೆದು, ಪಂಚೆಯ ತುದಿಯಿಂದ ಒರೆಸಿ, ಮತ್ತೆ ಹಾಕಿಕೊಂಡರು. ಮೆಟ್ಟಿಲನ್ನು ನೋಡಿದರು, ನನ್ನನ್ನು ನೋಡಿದರು, ಆನಂದದ ಕಡೆಗೆ ನೋಡಿದರು. "ಅಳತೆ ತಗೊಂಡಿದೀರಾ?" ಎಂದರು. ಅಳತೆ ಯಾಕೆ, ಕಣ್ಣಲ್ಲೇ ಇದೆ ಎಂದೆ. ಅಷ್ಟಕ್ಕೇ ತಿರುಗಿ ಹೋದರು. ಕೋಪ ಇಳಿದಿಲ್ಲ ಎಂದುಕೊಂಡೆ.

ಯುಗಾದಿಯ ಬೆಳಿಗ್ಗೆ ಬೀದಿಯ ತುಂಬ ಮಂಚ, ಹಂಡೆ, ಒರಳು, ಗೋಣಿಚೀಲ, ಪಂಜರದಲ್ಲಿ ಗಿಳಿ, ತೊಟ್ಟಿಲಲ್ಲಿ ಕೂಸು. ನಾನು ದುರಸ್ತಿ ಚೀಟಿಯನ್ನು ರಾಕ್ಷಸದ ಬಾಗಿಲ ಹಿಂದೆ ಅಂಟಿಸಿ ಬಂದೆ. ಜನ್ಮದಲ್ಲೇ ಚಿಕ್ಕ ಚೀಟಿ ಅದು: "ಎಲ್ಲವೂ ಸರಿಯಾಗಿ ಕೆಟ್ಟಿದೆ." ಗಂಟೆ ಹೊಡೆಯಿತು. ಸಾಮಾನ್ಯವಾಗಿ ಆ ಗಂಟೆಗೆ ಎದ್ದೆವೋ ಬಿದ್ದೆವೋ ಎಂದು ಎಲ್ಲರೂ ನುಗ್ಗುತ್ತಾರೆ. ಅವತ್ತು ನಮ್ಮ ಕಡೆಯ ಹತ್ತಿಪ್ಪತ್ತು ಸಂಸಾರದವರು ಕದಲಲಿಲ್ಲ. ಬಾಗಿಲಿಗೆ ನೀರು ಹಾಕುವ ಸೆಕ್ರೆಟರಿಯ ಸುದ್ದಿ ಅಷ್ಟು ಹೊತ್ತಿಗೆ ಎಲ್ಲರ ಮನೆಯಲ್ಲೂ ಕಾಫಿಯ ಜೊತೆ ಓಡಾಡಿತ್ತು.

ಮಾಸ್ತಯ್ಯ ಹೆಂಡತಿಯ ಕೈ ಹಿಡಿದುಕೊಂಡು ಬಂದರು. ಮೆಟ್ಟಿಲ ಬುಡದಲ್ಲಿ ಚಿಕ್ಕತಾಯಮ್ಮ ಕೈ ಬಿಡಿಸಿಕೊಂಡರು. "ಹತ್ತಿ ನೋಡಿ," ಎಂದರು. "ನನಗೆ ಬೆನ್ನು ನೋವು, ನಿಧಾನ ಬರ್ತೀನಿ." ಅವರ ಬೆನ್ನಿಗೆ ಯಾವತ್ತೂ ನೋವು ಬಂದದ್ದು ನಾನು ಕೇಳಿಲ್ಲ.

ಒಂದು ಮೆಟ್ಟಿಲು. ಎರಡು. ಮೂರನೆಯದರ ಮೇಲೆ ಎಡಗಾಲು ಇಟ್ಟರು, ಹೆಬ್ಬೆರಳು ಅಂಚನ್ನು ತಡವಿತು. ಅಲ್ಲಿ ಕಲ್ಲು ಇಡಿಯಾಗಿತ್ತು, ನುಣ್ಣಗೆ, ಪದ್ಮನಾಭಯ್ಯ ನೀರುಣಿಸಿದ ಹಾಗೆಯೇ. ಮಾಸ್ತಯ್ಯ ನಿಂತುಬಿಟ್ಟರು.

ನನಗೆ ಈಗ ಹೊಳೆಯಿತು. ಮೇಲೆ ಕೂತು ಬೀದಿಗೆ ಮುಖ ಮಾಡಿ ಒಡೆದಿದ್ದೆನಲ್ಲ! ನನಗೆ ಎಡವಾದದ್ದು ಹತ್ತುವವರಿಗೆ ಬಲ. ಹದಿನೆಂಟು ದಿನ ಒದ್ದಾಡಿ, ಪೆದ್ದುಮುಂಡೇದು, ಆ ಬದಿಯ ಕಲ್ಲನ್ನು ಮುರಿದಿಟ್ಟಿದ್ದೆ. ಕೂಗಿ ಹೇಳಲು ಬಾಯಿ ತೆರೆದೆ, ಜಲಜಾಕ್ಷಿ ನನ್ನ ತೋಳು ಚಿವುಟಿ ಹಿಡಿದಳು. ಮಾಸ್ತಯ್ಯನವರ ಕೈ ಗಾಳಿಯಲ್ಲಿ ಏನನ್ನೋ ಹುಡುಕಿ ಕೆಳಗೆ ಬಂತು. ಅವರು ಅಲ್ಲಿಯೇ ಕೂತುಬಿಡುತ್ತಾರೆ ಎನ್ನಿಸಿತು, ಆ ಮದುವೆ ಮನೆಯ ಕುರ್ಚಿ ನನ್ನ ಕಣ್ಣಿಗೆ ಕಟ್ಟಿತು. ಚಿಕ್ಕತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು.

ಆಗ ಬಲಗಾಲು ಮೆಲ್ಲಗೆ ಮೇಲೆ ಬಂತು. ಅದೇ ಮೆಟ್ಟಿಲಿನ ಮೇಲೆ ಸರಿಯುತ್ತ ಹೋಗಿ, ಮುರಿದ ಜಾಗಕ್ಕೆ ತಾಗಿ ನಿಂತಿತು. ಹೆಬ್ಬೆರಳು ಅದರೊಳಗೆ ಒಂದು ಸುತ್ತು ಹಾಕಿತು. ಮಾಸ್ತಯ್ಯನವರ ಹುಬ್ಬು ಮೇಲೇರಿತು. ಅಲ್ಲಿಂದ ಅವರು ತಡೆಯಲಿಲ್ಲ. ಬಾಗಿಲಿಗೆ ಭುಜ ಕೊಟ್ಟರು, ಗೊರ್ ಎಂದಿತು. ಆ ದರಿದ್ರ ಬಾಗಿಲಿನ ಸದ್ದು ಕೇಳಿ ನನಗೆ ಕಣ್ಣಲ್ಲಿ ನೀರು ಬಂತು, ಮುಚ್ಚಿಡುವುದೇನು. ಟವೆಲು ಮೊಳೆಗೆ ಬಿತ್ತು. ಚಪ್ಪಡಿ ಟಕ್ಕೆಂದಿತು. ಚಿಕ್ಕತಾಯಮ್ಮ ಬೆನ್ನುನೋವು ಮರೆತು ಮೆಟ್ಟಿಲು ಹತ್ತಿ ಒಳಗೆ ಹೋದರು. ಆಮೇಲೆ ಮಾಸ್ತಯ್ಯ ಕೈಯಲ್ಲಿ ಲೋಟ ಹಿಡಿದು ಜಗಲಿಗೆ ಬಂದರು, ಜಲಜಾಕ್ಷಿ ಎಡಗಡೆ ಎರಡು ಹೆಜ್ಜೆಗೆ ಇಟ್ಟಿದ್ದ ಕೊಡದಿಂದ ತುಂಬಿಸಿಕೊಂಡದ್ದು. ನಿಂತು ನೀರು ಕುಡಿದರು.

"ಸೆಕ್ರೆಟ್ರಿಗಳು ಇದೀರಾ?" ಎಂದರು.

"ಇದೀನಿ ಮಾಸ್ತಯ್ಯನವರೇ."

"ಎಲ್ಲ ಸರಿಯಾಗಿ ಕೆಟ್ಟಿದೆ ಅಂತ ಬರ್ದಿದೀರಂತೆ, ಇವ್ಳು ಈಗ ಓದಿದ್ಲು. ಮೂರನೇ ಮೆಟ್ಟಿಲು ಮಾತ್ರ ತಪ್ಪಾಗಿ ಕೆಟ್ಟಿದೆ. ನೀವು ಜಗಲೀಲಿ ಕೂತು ಒಡೆದಿದೀರಿ." ಅವರು ನಗುತ್ತ ಲೋಟ ಕೆಳಗಿಟ್ಟರು. "ಮೂವತ್ತನಾಲ್ಕು ವರ್ಷ ಈ ಊರಿಗೆ ಕಾಗದ ಹಂಚಿದೆ. ನನಗೆ ಅಂತ ಒಂದು ಕಾಗದ ಬಂದಿರ್ಲಿಲ್ಲ ನೋಡಿ. ಇವತ್ತು ಬಂತು. ಇರ್ಲಿ, ಎಡಗಡೆ ನಾನೇ ಒಡ್ಕೊಳ್ತೀನಿ, ಉಳಿ ಇಟ್ಟು ಹೋಗಿ."

ಬೀದಿ ಗೊಳ್ಳೆಂದಿತು. ಆಮೇಲೆ ಎಲ್ಲರಿಗೂ ಹೋಳಿಗೆಯ ನೆನಪಾಗಿ ಸಾಮಾನು ಹೊತ್ತು ಓಡತೊಡಗಿದರು. ನಾನೂ ಹಿತ್ತಾಳೆ ಹಂಡೆಯನ್ನು ಎತ್ತಿಕೊಂಡು, ತಲೆ ನಿಮಿರಿಸಿಕೊಂಡು, ಪದ್ಮನಾಭಯ್ಯ ಬಿಟ್ಟ ನಳದ ಮೆಟ್ಟಿಲು ಹತ್ತಿದೆ. ಒಂದು, ಎರಡು, ಮೂರು. ಎಡಗಾಲು ಸರ್ರನೆ ಜಾರಿತು, ನಾನು ಮುಗ್ಗರಿಸಿ ಜಗಲಿಗೆ ಬಿದ್ದೆ, ಹಂಡೆ ಢಣಢಣ ಎಂದು ಮೆಟ್ಟಿಲಿಳಿದು ಬೀದಿಯುದ್ದಕ್ಕೂ ಉರುಳಿ ಹೋಯಿತು. ಎದ್ದು ಬಾಗಿಲು ನೂಕಿದರೆ ಬರಲಿಲ್ಲ. ಭುಜ ಕೊಟ್ಟು ನೂಕಿದೆ, ಗೊರ್ ಎಂದಿತು. ಒಳಗೆ ಬಾಗಿಲ ಹಿಂದೆ ಪದ್ಮನಾಭಯ್ಯನವರ ಚೀಟಿ ಇತ್ತು, ಗೆರೆ ಹೊಡೆದು ಬರೆದದ್ದು:

"ಮೂರನೇ ಮೆಟ್ಟಿಲು, ಹತ್ತುವವರ ಎಡಗಡೆ, ನಾಲ್ಕು ಅಂಗುಲ ಮುರಿದಿದೆ. ಮುಂಬಾಗಿಲು ಬಿಗಿ. ಅಡುಗೆಮನೆಯ ಮುಂದಿನ ಚಪ್ಪಡಿ ಸಡಿಲ. ಅಳತೆಗಳನ್ನು ಆನಂದದಿಂದ ಖುದ್ದಾಗಿ ತೆಗೆದುಕೊಳ್ಳಲಾಗಿದೆ. ಮುಂದಿನ ಯುಗಾದಿಗೆ ಮಾಸ್ತಯ್ಯನವರು ಬರುವವರೆಗೆ ಯಾವುದನ್ನೂ ಸರಿಮಾಡಿಸಕೂಡದು."

ಮೊಣಕಾಲು ಉಜ್ಜಿಕೊಳ್ಳುತ್ತ ಅದನ್ನು ಎರಡು ಸಲ ಓದಿದೆ. ಜಲಜಾಕ್ಷಿ ಹಂಡೆಯನ್ನು ಹಿಡಿದು ತಂದು ಬಾಗಿಲಲ್ಲಿ ನಿಂತಳು. ಪಕ್ಕದಲ್ಲಿ ಪದ್ಮನಾಭಯ್ಯನವರು ಹೊಕ್ಕ ಪಿಂಗಳದಿಂದ, ಇನ್ನೂ ಹಾಲುಕ್ಕಿಸುವ ಮೊದಲೇ, ಉಳಿಯ ಮೇಲೆ ಸುತ್ತಿಗೆ ಬೀಳುವ ಸದ್ದು ಕೇಳುತ್ತಿತ್ತು.